ಸರಸ್ವತಿಪುರಂನ ಆಡಿಟರ್ ಆಫೀಸು: ಮೆಟ್ಲು ಬಿಟ್ರೆ ಬಾಕಿ ಪರ್ವಾಗಿಲ್ಲ

ಮೊದ್ಲೇ ಹೇಳ್ಬುಡ್ತೀನಿ, ಹೆಸರು ಹಾಕಲ್ಲ. ರಿವ್ಯೂ ಬರೀತೀನಿ ಮೇಡಂ ಅಂದಿದ್ದಕ್ಕೆ "ಆಡಿಟರ್‌ಗಳು ಜಾಹೀರಾತು ಮಾಡ್ಕೊಳ್ಳಂಗಿಲ್ಲ ಸರ್, ಹೆಸರು ಬೇಡ, ಬೈಯೋದಿದ್ರೆ ಬರೀರಿ" ಅಂದ್ರು. ಮೈಸೂರಿನ ಸರಸ್ವತಿಪುರಂ ಫೈರ್ ಬ್ರಿಗೇಡ್ ಆಸುಪಾಸು, ಕೆಳಗಡೆ ಜೆರಾಕ್ಸ್ ಅಂಗಡಿ, ಮೇಲೆ ಇವರು, ಅಷ್ಟು ಸಾಕು.

ನಂದು ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಟ್ಟಿನ ಬಾಕ್ಸ್ ಯೂನಿಟ್ಟು, ಅಗರಬತ್ತಿ ಪಾರ್ಟಿಗಳೇ ಜಾಸ್ತಿ. 11 ವರ್ಷ ಒಬ್ರೇ ಆಡಿಟರ್ ಹತ್ರ ಇದ್ದೆ. ಅವರು ಬಜೆಟ್ ದಿನ ಮಧ್ಯಾಹ್ನ ಊಟದ ಹೊತ್ತಿಗೆಲ್ಲಾ ವಾಟ್ಸಾಪ್‌ನಲ್ಲಿ "ಬಜೆಟ್ ಮುಖ್ಯಾಂಶಗಳು" ಅಂತ ಒಂದು ಪಿಡಿಎಫ್ ಎಸೀತಿದ್ರು, ನಾವೂ ಅದನ್ನ ಓದ್ದಲೇ ನಾಕ್ ಗ್ರೂಪಿಗೆ ಫಾರ್ವರ್ಡ್ ಮಾಡಿ ನಮ್ಮ ಆಡಿಟರ್ ಬಾಳ ಅಪ್‌ಡೇಟು ಅಂತ ಬೀಗ್ತಿದ್ವಿ, ಅಷ್ಟೇ ಕತೆ.

ಬದ್ಲಾಯ್ಸೋಕೆ ಕಾರಣ ಒಂದು ಸೈಟು. 2012ರ ಆಗಸ್ಟಲ್ಲಿ ಬೋಗಾದಿ ಕಡೆ ತಗೊಂಡಿದ್ದೆ, ರಿಜಿಸ್ಟ್ರೇಷನ್ ಖರ್ಚೆಲ್ಲಾ ಸೇರಿ 12 ಲಕ್ಷ. ಮಷಿನ್ ತರೋಕೆ ದುಡ್ಡು ಬೇಕಾಗಿ 2024ರ ನವೆಂಬರಲ್ಲಿ 30 ಲಕ್ಷಕ್ಕೆ ಕೊಟ್ಬುಟ್ಟೆ. ಆ ವರ್ಷ ಜುಲೈ 23ರ ಬಜೆಟ್ಟಲ್ಲಿ ಸೈಟು ಮನೆ ಮಾರಿದ್ರೆ ಇನ್ನು ಇಂಡೆಕ್ಸೇಷನ್ (ಬೆಲೆ ಏರಿಕೆಗೆ ತಕ್ಕಂಗೆ ಹಳೇ ಖರೀದಿ ಬೆಲೆ ಏರಿಸಿ ಲೆಕ್ಕ ಹಾಕೋದು) ಇಲ್ಲ, ಟ್ಯಾಕ್ಸು 20ರಿಂದ 12.5 ಪರ್ಸೆಂಟ್ ಅಂದಿದ್ರಲ್ಲ, ಹಳೇ ಆಡಿಟರ್‌ಗೆ ಫೋನ್ ಮಾಡಿದ್ರೆ "ಹನ್ನೆರಡೂವರೆ ಕಣಯ್ಯ, ಲಾಭ 18 ಲಕ್ಷ, ಸೆಸ್ ಸೇರಿ 2.34 ಲಕ್ಷ, ಅಡ್ವಾನ್ಸ್ ಟ್ಯಾಕ್ಸ್ ಕಟ್ಬುಡು" ಅಂದ್ರು. ಎರಡು ನಿಮಿಷದ ಫೋನು. ಕಟ್ಬುಟ್ಟೆ.

2025ರ ಆಗಸ್ಟಲ್ಲಿ ಪಕ್ಕದ ಶೆಡ್ಡಿನವರು ಕರ್ಕೊಂಡು ಹೋಗಿದ್ದು ಈ ಆಫೀಸಿಗೆ. ಮೇಡಂ ಮೊದ್ಲು ಕೇಳಿದ್ದು "ತಗೊಂಡಾಗಿನ ಕ್ರಯಪತ್ರ ತಂದಿದೀರಾ?" ಅಂತ. ತಂದಿರ್ಲಿಲ್ಲ, ವಾಪಸ್ ಕಳ್ಸಿದ್ರು, ಸಿಟ್ಟು ಬಂತು. ಮಾರನೇ ದಿನ ತಗೊಂಡ್ಹೋದಾಗ ಒಂದು ಹಾಳೆ ಮಧ್ಯಕ್ಕೆ ಗೀಟು ಎಳೆದ್ರು. ಎಡಗಡೆ ನಾನು ಕಟ್ಟಿದ್ದ ಲೆಕ್ಕ. ಬಲಗಡೆ 12 ಲಕ್ಷ ಇಂಟು 363 ಬೈ 200, ಅಂದ್ರೆ 2012-13ರ ಇಂಡೆಕ್ಸ್ 200, 2024-25ರದ್ದು 363, ಅಲ್ಲಿಗೆ ನನ್ನ ಖರೀದಿ ಬೆಲೆ 21.78 ಲಕ್ಷ ಆಯ್ತು. ಲಾಭ ಬರೀ 8.22 ಲಕ್ಷ, ಅದಕ್ಕೆ 20 ಪರ್ಸೆಂಟ್, ಸೆಸ್ ಸೇರಿ 1,70,976. "63,024 ಜಾಸ್ತಿ ಕಟ್ಟಿದೀರಿ" ಅಂತ ಪೆನ್ನು ಕೆಳಗಿಟ್ರು. ನಂಗೆ ಬಾಯಿಂದ ಮಾತೇ ಬರ್ಲಿಲ್ಲ.

ಆಗಿದ್ದೇನಂದ್ರೆ, ಭಾಷಣದ ದಿನ ಹೇಳಿದ್ದು ಒಂದು, ಗಲಾಟೆ ಆದ್ಮೇಲೆ ಆಗಸ್ಟಲ್ಲಿ ಮಸೂದೆ ಪಾಸಾಗೋ ಹೊತ್ತಿಗೆ ತಿದ್ದುಪಡಿ ಬಂದು, ಜುಲೈ 23ಕ್ಕೆ ಮುಂಚೆ ತಗೊಂಡಿದ್ದ ಜಮೀನು ಮನೆಗೆ ನಮ್ಮಂತೋರು ಎರಡರಲ್ಲಿ ಯಾವ್ದು ಕಡಿಮೆಯೋ ಅಷ್ಟು ಕಟ್ಟಿದ್ರೆ ಸಾಕು ಅಂತ ಆಯ್ತು. ನಮ್ಮ ಹಳೇ ಸಾಹೇಬ್ರು ಜುಲೈ ಪಿಡಿಎಫ್‌ನಲ್ಲೇ ನಿಂತೋಗಿದ್ರು. ರಿಟರ್ನ್ ಕೊನೇ ದಿನ ಸೆಪ್ಟೆಂಬರ್‌ಗೆ ಮುಂದಕ್ಕೆ ಹೋಗಿತ್ತು, ಹಂಗಾಗಿ ನಿಧಾನಕ್ಕೆ ಫೈಲ್ ಮಾಡಿದ್ರು. ರೀಫಂಡ್ ಬಂತು ಸ್ವಾಮಿ, ಮೆಸೇಜ್ ಬಂದಾಗ ಪೇಪರ್ ರೀಲ್ ಇಳಿಸ್ತಿದ್ದೆ, ಲೋಡರ್ ಹುಡುಗ್ರಿಗೆಲ್ಲಾ ಮಸಾಲೆ ದೋಸೆ ಕೊಡಿಸ್ದೆ.

ಎರಡನೇದು ಉದ್ಯಮ್ ನಂಬರು, ಸಣ್ಣ ಉದ್ದಿಮೆ ಅಂತ ಸರ್ಕಾರ ಕೊಡೋ ನೋಂದಣಿ ನಂಬರು. ಸರ್ಟಿಫಿಕೇಟು ಫ್ರೇಮ್ ಹಾಕ್ಸಿ ಗೋಡೆಗೆ ನೇತಾಕಿದ್ದೆ, ಬಿಲ್ಲಲ್ಲಿ ಇರ್ಲಿಲ್ಲ. "ಗೋಡೆ ನೋಡಿ ಯಾರೂ ಪೇಮೆಂಟ್ ಕೊಡಲ್ಲ ಸರ್, ಬಿಲ್ಲಲ್ಲಿ ಹಾಕಿ" ಅಂದ್ರು. ಸಣ್ಣ ತಯಾರಕರಿಗೆ ಬರೆದುಕೊಟ್ಟ ಒಪ್ಪಂದ ಇದ್ರೆ ಹೆಚ್ಚಂದ್ರೆ 45 ದಿನ, ಇಲ್ದಿದ್ರೆ 15 ದಿನದೊಳಗೆ ದುಡ್ಡು ಕೊಡ್ಬೇಕು, 2023ರ ಬಜೆಟ್ಟಲ್ಲಿ ತಂದ ರೂಲಂದ್ರೆ, ಗಡುವು ದಾಟಿದ ಬಾಕಿ ಮಾರ್ಚ್ 31ಕ್ಕೂ ಹಂಗೇ ಉಳಿದ್ರೆ ಆ ಖರ್ಚು ಕೊಳ್ಳೋರ ಆ ವರ್ಷದ ಲೆಕ್ಕದಲ್ಲಿ ಕಳೆಯಂಗಿಲ್ಲ, ಅಷ್ಟಕ್ಕೂ ಟ್ಯಾಕ್ಸು. ತಯಾರು ಮಾಡೋರಿಗೆ, ಸರ್ವಿಸ್ ಕೊಡೋರಿಗೆ ಮಾತ್ರ, ತಂದು ಮಾರೋ ಟ್ರೇಡರ್‌ಗೆ ಈ ಅನುಕೂಲ ಇಲ್ಲ. ಬಿಲ್ಲಲ್ಲಿ ನಂಬರ್ ಬಂದ್ಮೇಲೆ 90 ದಿನ ಸತಾಯಿಸ್ತಿದ್ದ ಇಬ್ರು ಪಾರ್ಟಿ ದಾರಿಗೆ ಬಂದ್ರು. ಇನ್ನೊಬ್ಬ "ಅಣ್ಣ ಆ ನಂಬರ್ ತೆಗ್ದು ಬಿಲ್ ಕೊಡು, ಇಲ್ದಿದ್ರೆ ಬೇರೆ ಕಡೆ ತಗೋತೀನಿ" ಅಂದ, ಹೋದ. ಅದೂ ನಿಜ, ಮುಚ್ಚಿಡಲ್ಲ.

ನಮ್ ಬಾಮೈದನ್ನೂ ಕರ್ಕೊಂಡು ಹೋಗಿದ್ದೆ. 2025ರ ಬಜೆಟ್ಟಲ್ಲಿ 12 ಲಕ್ಷದ ತನಕ ಟ್ಯಾಕ್ಸಿಲ್ಲ ಅಂದಿದ್ದು ಕೇಳಿ ಕುಣೀತಿದ್ದ, ಸಂಬಳ 8 ಲಕ್ಷ, ಷೇರಲ್ಲಿ ವರ್ಷದೊಳಗೆ ತಗೊಂಡು ಮಾರಿ 2 ಲಕ್ಷ, ಒಟ್ಟು ಹತ್ತೇ ಅಲ್ವಾ ಅಂತ. ಮೇಡಂ ನಗ್ಲೂ ಇಲ್ಲ, ಆ ರಿಬೇಟು, ಅಂದ್ರೆ ಟ್ಯಾಕ್ಸ್ ಮಾಫಿ, ಷೇರಿನ ಲಾಭಕ್ಕೆ ಸಿಗಲ್ಲ, ಅಲ್ಪಾವಧಿ ಲಾಭಕ್ಕೆ 2024ರಿಂದ 15 ಹೋಗಿ 20 ಪರ್ಸೆಂಟು, 40,000 ಪ್ಲಸ್ ಸೆಸ್ ತೆಗೆದಿಟ್ಕೊಳ್ಳಿ ಅಂದ್ರು. ವರ್ಷ ದಾಟಿಸಿ ಮಾರಿದ್ರೆ 1.25 ಲಕ್ಷದ ತನಕ ಏನಿಲ್ಲ, ಮೇಲಿನದಕ್ಕೆ 12.5 ಅಂತಾನೂ ಹೇಳಿದ್ರು. ಮೆಟ್ಲು ಇಳೀವಾಗ ಅವನ ಮುಖ ನೋಡ್ಬೇಕಿತ್ತು.

ನಾನು ಪ್ರತಿ ವರ್ಷ ಬಜೆಟ್ ದಿನ ಟಿವಿ ಮುಂದೆ ಕೂತು ಬಾಕ್ಸಿಗೆ ಜಿಎಸ್‌ಟಿ ಇಳಿಸ್ತಾರಾ ಅಂತ ಕಾಯ್ತಿದ್ದೆ. ಅದು ಬಜೆಟ್ಟಲ್ಲಿ ಬರಲ್ಲ, ಜಿಎಸ್‌ಟಿ ಕೌನ್ಸಿಲ್‌ನಲ್ಲಿ ತೀರ್ಮಾನ ಆಗೋದು ಅಂತ ಇಲ್ಲೇ ಗೊತ್ತಾಗಿದ್ದು, ನಾಚಿಕೆಗೇಡು. ಆಮೇಲೆ 2025ರ ಸೆಪ್ಟೆಂಬರ್ 22ಕ್ಕೆ ಇಳಿದೇ ಬುಡ್ತು, ಬಾಕ್ಸಿಗೆ 12 ಇದ್ದಿದ್ದು 5. ಆದ್ರೆ ರಟ್ಟಿಗೆ ಬೇಕಾದ ಕ್ರಾಫ್ಟ್ ಪೇಪರ್ 12ರಿಂದ 18! ಒಂದು ಲಕ್ಷದ ಪೇಪರಿಗೆ 18,000 ಟ್ಯಾಕ್ಸ್ ಕೊಟ್ಟು, ಒಂದೂವರೆ ಲಕ್ಷಕ್ಕೆ ಬಾಕ್ಸ್ ಮಾರಿದ್ರೆ ಪಾರ್ಟಿ ಹತ್ರ ಬರೋದು 7,500, ಮಿಕ್ಕ ನನ್ನ 10,500 ಜಿಎಸ್‌ಟಿ ಪೋರ್ಟಲ್‌ನಲ್ಲಿ ಕೂತಿರುತ್ತೆ. ಅದನ್ನ ವಾಪಸ್ ತರೋ ಅರ್ಜಿನೂ ಇವರೇ ಹಾಕ್ತಾರೆ, ಒಂದೊಂದಕ್ಕೂ 3,000 ಬೇರೆ ಫೀಸು. ಇಲ್ಲಿ ನಂಗೆ ಸ್ವಲ್ಪ ಹೊಟ್ಟೆ ಉರೀತದೆ. ವರ್ಷದ ಫೀಸೇ 18,000, ಹಳೇ ಕಡೆ 12,000 ಇತ್ತು.

ಇನ್ನು ಬೈಗುಳ. ಫೋನ್ ಎತ್ತಲ್ಲ, ಎತ್ತಿದ್ರೂ ಹತ್ತನೇ ಸಲಕ್ಕೆ. ಬಿಲ್ ಫೋಟೋ ವಾಟ್ಸಾಪ್ ಮಾಡಿದ್ರೆ ತಗೊಳಲ್ಲ, ಸ್ಕ್ಯಾನೇ ಆಗ್ಬೇಕು, ಕೆಳಗಿನ ಜೆರಾಕ್ಸ್‌ನವನಿಗೆ ಇವರಿಂದಾನೇ ಜೀವನ. ಆಫೀಸ್ ಹುಡುಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಅಣ್ಣ ಓಟಿಪಿ ಬಂತಾ" ಅಂತಾನೆ, ಮೊದಲ್ನೇ ಸಲ ಯಾವನೋ ಮೋಸಗಾರ ಅನ್ಕೊಂಡು ಬೈದು ಇಟ್ಟಿದ್ದೆ, ಪಾಪ. ದಸರಾ ಟೈಮಲ್ಲಂತೂ ಹೋಗ್ಲೇಬೇಡಿ, ಟ್ರಾಫಿಕ್ ದಾಟಿ ಹೋದ್ರೆ ಅವರು ಆಡಿಟ್ ಕೆಲ್ಸದಲ್ಲಿ ತಲೆ ಎತ್ತಲ್ಲ.

ಫೆಬ್ರವರಿ 1ರ ಬಜೆಟ್ ಆದ ತಕ್ಷಣ ಬರ್ಲಾ ಅಂತ ಕೇಳಿದ್ದಕ್ಕೆ "ಏಪ್ರಿಲ್‌ನಲ್ಲಿ ಬನ್ನಿ, ಬಜೆಟ್ ಮಸೂದೆ ಪಾಸಾಗಿರುತ್ತೆ" ಅಂದ್ರು. 5ಕ್ಕೆ 4 ಸ್ಟಾರ್. ಹೋಗೋರು ಹಳೇ ಕ್ರಯಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಜೊತೇಲೇ ತಗೊಂಡೋಗಿ, ಎರಡೆರಡು ಸಲ ಹತ್ತೋ ಮೆಟ್ಲಲ್ಲ ಅದು, ಮೂರನೇದು ಒಡೆದಿದೆ, ಕತ್ಲೆ ಬೇರೆ, ಗೋಡೆ ಹಿಡ್ಕೊಂಡು ಹತ್ತಿ.