ಸ್ಪಿತಿಗೆ ಶಿಮ್ಲಾ ದಾರಿಯೋ, ಮನಾಲಿ ದಾರಿಯೋ?

ಹಿಮಾಚಲದ ಸ್ಪಿತಿ ಕಣಿವೆಯ ಊರು ಕಾಜಾಕ್ಕೆ ಕಾರಲ್ಲಿ ಹೊರಟವರಿಗೆ ಮೊದಲ ತಲೆನೋವು ಇದೇ. ಮನಾಲಿಯಿಂದ ಸುಮಾರು 200 ಕಿ.ಮೀ., ಶಿಮ್ಲಾದಿಂದ 400ಕ್ಕೂ ಜಾಸ್ತಿ. ಹಾಗಾದ್ರೆ ಮನಾಲಿಯೇ ಸರಿ, ಅಲ್ವಾ? ಅಷ್ಟು ಸುಲಭ ಇಲ್ಲ.

ಮನಾಲಿ ಕಡೆಯಿಂದ ಅಟಲ್ ಸುರಂಗ ದಾಟುವವರೆಗೆ ಒಳ್ಳೇ ರಸ್ತೆ. ಗ್ರಾಂಫೂ ಆದಮೇಲೆ ಬಾತಲ್‌ವರೆಗೆ ಕಲ್ಲೋ ಕಲ್ಲು, ನಡುನಡುವೆ ರಸ್ತೆ ಮೇಲೇ ಹರಿಯುವ ಹಳ್ಳ. ಬೆಳಿಗ್ಗೆ ಪಾದ ನೆನೆಯುವಷ್ಟಿದ್ದ ನೀರು ಮಧ್ಯಾಹ್ನ ಹಿಮ ಕರಗಿ ಬಂಪರ್ ಮುಟ್ಟಬಹುದು. ಅದಕ್ಕೇ ನಸುಕಿನಲ್ಲೇ ಹೊರಡಬೇಕು. ಮುಂದೆ 4,551 ಮೀಟರ್ ಎತ್ತರದ ಕುಂಜುಮ್ ಪಾಸ್. ಒಂದೇ ದಿನದಲ್ಲಿ ಅಷ್ಟು ಏರಿದರೆ ಎಷ್ಟೋ ಜನಕ್ಕೆ ತಲೆ ಸಿಡಿಯುತ್ತದೆ. ಚಳಿಗಾಲದಲ್ಲಂತೂ ದಾರಿಯೇ ಬಂದ್.

ಶಿಮ್ಲಾ ದಾರಿ ಉದ್ದ, ಆದರೆ ನಿಧಾನವಾಗಿ ಏರುತ್ತದೆ. ಕಲ್ಪಾ, ನಾಕೋ, ತಾಬೋ ಅಂತ ತಂಗುತ್ತ ಹೋದರೆ ಮೈ ಒಗ್ಗಿಕೊಳ್ಳುತ್ತದೆ. ಕ್ರಿ.ಶ. 996ರ ತಾಬೋ ಮಠದ ಮಣ್ಣಿನ ಗೋಡೆಯೊಳಗಿನ ಚಿತ್ರಗಳಿಗಾಗಿಯೇ ಈ ಸುತ್ತು ಹಾಕಬಹುದು. ಮಳೆಗಾಲದಲ್ಲಿ ಮಾತ್ರ ಈ ದಾರಿಯ ಕಿನ್ನೌರ್ ಜಿಲ್ಲೆಯಲ್ಲಿ ಗುಡ್ಡ ಕುಸಿಯುವ ಭಯ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಸುಮ್ನೆ ಶಿಮ್ಲಾ ಹಿಡಿಯಿರಿ. ರಜೆ ಕಡಿಮೆ, ಗಾಡಿ ಎತ್ತರದ್ದು ಅಂದರೆ ಮನಾಲಿ. ನನ್ನನ್ನು ಕೇಳಿದರೆ, ಸೆಪ್ಟೆಂಬರಿನಲ್ಲಿ ಹತ್ತು ದಿನ ರಜೆ ಹಾಕಿ ಶಿಮ್ಲಾದಿಂದ ಹತ್ತಿ ಮನಾಲಿಗೆ ಇಳಿಯಿರಿ.