ವೋಟಿನ ಜತೆ ಬರುವ ಟಿಕೆಟ್ಟು: ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್

ಮ್ಯಾಂಚೆಸ್ಟರ್‌ಗೆ ಹೋದ ಫುಟ್‌ಬಾಲ್ ಪ್ರೇಮಿಗಳು ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಮೈದಾನ ಓಲ್ಡ್ ಟ್ರಾಫರ್ಡ್ ನೋಡಿ, ಅಲ್ಲಿನ ಅಂಗಡಿಯಲ್ಲೊಂದು ಜೆರ್ಸಿ ಕೊಂಡು ವಾಪಸ್ಸಾಗುವುದು ವಾಡಿಕೆ. ಅದೇ ಊರಿನ ಈಶಾನ್ಯ ಭಾಗದ ಮಾಸ್ಟನ್ ಬಡಾವಣೆಯಲ್ಲಿ, ಅದೇ ಕೆಂಪು-ಬಿಳಿ-ಕಪ್ಪು ಬಣ್ಣದ ಇನ್ನೊಂದು ಕ್ಲಬ್ಬಿದೆ. ಅದರ ಮಾಲೀಕರು ಅಲ್ಲಿ ನಿಂತು ಪಂದ್ಯ ನೋಡುವ ಸದಸ್ಯರೇ. ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಹುಟ್ಟಿದ್ದು 2005ರಲ್ಲಿ, ಅಮೆರಿಕದ ಗ್ಲೇಜರ್ ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಕೊಂಡ ಸಿಟ್ಟಿನಲ್ಲಿ. ಕೊಟ್ಟ ದುಡ್ಡಿಗೆ ಪ್ರೇಕ್ಷಕನಿಗೆ ಏನು ಸಿಗುತ್ತದೆ ಎಂಬ ಲೆಕ್ಕದಲ್ಲಿ ಈ ಕ್ಲಬ್ಬನ್ನು ತೂಗಿದರೆ ನನ್ನ ತೀರ್ಪು ಇಷ್ಟು: ಆಟ ಸಾಧಾರಣ, ಮೈದಾನ ಚೆನ್ನ, ಸದಸ್ಯತ್ವಕ್ಕೆ ಸಾಟಿಯಿಲ್ಲ.

ಸಾಟಿಯಿಲ್ಲ ಅನ್ನುವುದಕ್ಕೆ ಕಾರಣ ಗೊತ್ತಾಗಬೇಕಾದರೆ, ಆ ಖರೀದಿ ನಡೆದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಭಿಮಾನಿಗಳ ಸಿಟ್ಟು ಬರೀ ಭಾವುಕತೆ ಎಂದುಕೊಂಡವರು ಬಹಳ ಜನ. ಮ್ಯಾಲ್ಕಮ್ ಗ್ಲೇಜರ್ 2003ರಿಂದಲೇ ಷೇರು ಕೂಡಿಹಾಕುತ್ತಾ ಬಂದವರು. 2005ರ ಮೇ 12ರಂದು ಐರ್ಲೆಂಡಿನ ಉದ್ಯಮಿಗಳಾದ ಜೆ.ಪಿ. ಮ್ಯಾಕ್‌ಮೇನಸ್ ಮತ್ತು ಜಾನ್ ಮ್ಯಾಗ್ನಿಯರ್ ಬಳಿಯಿದ್ದ ಶೇ. 28.7ರಷ್ಟು ಪಾಲು ಕೊಂಡರು. ಅಲ್ಲಿಗೆ ಅರ್ಧಕ್ಕಿಂತ ಹೆಚ್ಚು ಕ್ಲಬ್ಬು ಅವರ ಕೈಸೇರಿತು. ಶೇ. 75 ದಾಟಿದ ಮೇಲೆ ಕಂಪನಿಯನ್ನು ಷೇರುಪೇಟೆಯಿಂದ ಹಿಂತೆಗೆಯುವ ದಾರಿ ತೆರೆಯಿತು. ಶೇ. 90ರ ಗೆರೆ ದಾಟಿದರೆ ಬ್ರಿಟನ್ನಿನ ಕಂಪನಿ ಕಾನೂನಿನ ಪ್ರಕಾರ ಮಿಕ್ಕವರ ಷೇರುಗಳನ್ನು ಕಡ್ಡಾಯವಾಗಿ ಕೊಳ್ಳಬಹುದು. ಅದೂ ಆಯಿತು. ಮಾರುವುದಿಲ್ಲ ಎಂದು ಹಟ ಹಿಡಿದ ಸಣ್ಣ ಷೇರುದಾರರ ಷೇರುಗಳೂ ತಲಾ 300 ಪೆನ್ಸ್‌ಗೆ ಹೋದವು. ಅಪ್ಪ ಮಗನಿಗೆ ಕೊಟ್ಟ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಒಂದೊಂದು ಷೇರಿಗೂ ಅದೇ ಗತಿ.

ಕ್ಲಬ್ಬಿಗೆ ಕಟ್ಟಿದ ಬೆಲೆ ಸುಮಾರು 790 ಮಿಲಿಯನ್ ಪೌಂಡ್. ಅದರಲ್ಲಿ ಬಹುಪಾಲು ಸಾಲ, ಮತ್ತು ಆ ಸಾಲದ ದೊಡ್ಡ ಭಾಗಕ್ಕೆ ಒತ್ತೆಯಾದದ್ದು ಕ್ಲಬ್ಬಿನದೇ ಆಸ್ತಿ. ನಿಮ್ಮ ಮನೆ ಕೊಳ್ಳಲು ಬಂದವನು ಆ ಮನೆಯನ್ನೇ ಅಡವಿಟ್ಟು ಸಾಲ ತಂದು, ಕಂತನ್ನು ನಿಮ್ಮ ಬಾಡಿಗೆಯಿಂದ ಕಟ್ಟಿಕೊಂಡ ಹಾಗೆ. ಅಲ್ಲಿಯವರೆಗೆ ಸಾಲದ ಹೊರೆಯೇ ಇಲ್ಲದಿದ್ದ ಕ್ಲಬ್ಬು ರಾತ್ರೋರಾತ್ರಿ ಬಡ್ಡಿ ಕಟ್ಟುವ ಸಂಸ್ಥೆಯಾಯಿತು. 2010ರಲ್ಲಿ 500 ಮಿಲಿಯನ್ ಪೌಂಡ್‌ನ ಬಾಂಡ್ ಹೊರಡಿಸಿದಾಗ ಸಾಲದ ಗಾತ್ರ ಎಲ್ಲರ ಕಣ್ಣಿಗೆ ಬಿತ್ತು. ಓಲ್ಡ್ ಟ್ರಾಫರ್ಡ್ ತುಂಬ ಹಸಿರು-ಹೊಂಬಣ್ಣದ ಸ್ಕಾರ್ಫ್‌ಗಳು ಹಾರಾಡಿದವು. ಅದು ಕ್ಲಬ್ಬು 1878ರಲ್ಲಿ ರೈಲ್ವೆ ಕಾರ್ಮಿಕರ ‘ನ್ಯೂಟನ್ ಹೀತ್’ ತಂಡವಾಗಿ ಶುರುವಾದ ಕಾಲದ ಬಣ್ಣ.

2005ರಲ್ಲಿ ಅಭಿಮಾನಿಗಳು ಎರಡು ದಾರಿ ಹಿಡಿದರು. ಒಂದು ಗುಂಪು ಒಳಗಿದ್ದೇ ಹೋರಾಡುತ್ತೇವೆ ಎಂದು ಉಳಿಯಿತು. ಇನ್ನೊಂದು ಗುಂಪು ಸೀಸನ್ ಟಿಕೆಟ್ ನವೀಕರಿಸದೆ ಹೊರನಡೆದು, ಪ್ರೀಮಿಯರ್ ಲೀಗನ್ನು ಮೊದಲನೆಯದೆಂದು ಎಣಿಸಿದರೆ ಹತ್ತನೇ ಹಂತದ ಲೀಗಿನಲ್ಲಿ ಹೊಸ ತಂಡ ಕಟ್ಟಿತು. ‘ಎಫ್‌ಸಿ ಯುನೈಟೆಡ್’ ಎಂಬ ಹೆಸರು ತೀರಾ ಸಾಮಾನ್ಯವಾಯಿತೆಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಪ್ಪಲಿಲ್ಲ. ಕೊನೆಗೆ ಹೆಸರನ್ನೂ ಸದಸ್ಯರೇ ವೋಟು ಹಾಕಿ ಆರಿಸಿದರು.

ಈಗ ಸರಕಿನ ವಿಚಾರಕ್ಕೆ ಬರೋಣ. ಇಲ್ಲಿ ಕೊಳ್ಳಬಹುದಾದ್ದು ಮೂರು: ಪಂದ್ಯದ ಟಿಕೆಟ್, ಸೀಸನ್ ಟಿಕೆಟ್, ವಾರ್ಷಿಕ ಸದಸ್ಯತ್ವ. ಸದಸ್ಯತ್ವ ಬೇರೆ, ಸೀಸನ್ ಟಿಕೆಟ್ ಬೇರೆ. ಎಷ್ಟೋ ಹೊಸಬರು ಸೀಸನ್ ಟಿಕೆಟ್ ಕೊಂಡರೆ ವೋಟೂ ಬಂತು ಎಂದುಕೊಂಡು ವಾರ್ಷಿಕ ಸಭೆಯ ಹೊತ್ತಿಗೆ ಪೇಚಾಡುತ್ತಾರೆ. ವೋಟು ಬರುವುದು ಸದಸ್ಯತ್ವದಿಂದ, ಒಬ್ಬರಿಗೆ ಒಂದೇ. ಮೈದಾನ ಕಟ್ಟುವಾಗ ಕ್ಲಬ್ಬು ‘ಸಮುದಾಯ ಷೇರು’ ಹೊರಡಿಸಿ ಸುಮಾರು 2 ಮಿಲಿಯನ್ ಪೌಂಡ್ ಎತ್ತಿತು. ಅದರಲ್ಲಿ ಸಾವಿರಾರು ಪೌಂಡ್ ಹಾಕಿದವರಿಗೂ ವೋಟು ಒಂದೇ. ಆ ಷೇರನ್ನು ಪೇಟೆಯಲ್ಲಿ ಮಾರುವಂತಿಲ್ಲ, ಅದರ ಬೆಲೆ ಏರುವುದೂ ಇಲ್ಲ. ಇನ್ನೊಬ್ಬ ಗ್ಲೇಜರ್ ಬಂದು ಒಂದೊಂದಾಗಿ ಷೇರು ಕೊಳ್ಳುತ್ತಾ ಶೇ. 75 ತಲುಪುವ ಆಟ ಇಲ್ಲಿ ನಡೆಯದಿರುವುದು ಈ ರಚನೆಯಿಂದಲೇ. ಹೋಲಿಕೆಗೆ ನೋಡಿ: ಮ್ಯಾಂಚೆಸ್ಟರ್ ಯುನೈಟೆಡ್ 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋದಾಗ ಸಾರ್ವಜನಿಕರಿಗೆ ಮಾರಿದ ಷೇರಿಗೆ ಒಂದು ವೋಟು, ಕುಟುಂಬ ಇಟ್ಟುಕೊಂಡ ಷೇರಿಗೆ ಹತ್ತು ವೋಟು.

ಆ ವೋಟಿನಿಂದ ಆಗುವ ಕೆಲಸಗಳು ಸಣ್ಣವೇನಲ್ಲ. ಆಡಳಿತ ಮಂಡಳಿಯ ಚುನಾವಣೆ ಅದರಿಂದ, ಟಿಕೆಟ್ ದರದ ನೀತಿ ಅದರಿಂದ. ಜೆರ್ಸಿಯ ಮೇಲೆ ಪ್ರಾಯೋಜಕರ ಹೆಸರು ಹಾಕಬಾರದು ಎಂಬ ಕಟ್ಟುಪಾಡು ಇಂದಿಗೂ ಉಳಿದಿರುವುದೂ ಅದರಿಂದಲೇ. ಅಂಗಡಿಯಲ್ಲಿ ಜೆರ್ಸಿ ಕೈಗೆತ್ತಿಕೊಂಡು ನೋಡಿ: ಎದೆಯ ಮೇಲೆ ಬಟ್ಟೆಯ ಕೆಂಪು ಬಿಟ್ಟರೆ ಲಾಂಛನ ಮಾತ್ರ, ಅದರಲ್ಲಿ ಮ್ಯಾಂಚೆಸ್ಟರ್ ನಗರದ ಮುದ್ರೆಯಿಂದ ತಂದ ಹಡಗು, ಮೂರು ಓರೆ ಪಟ್ಟೆ. ಬೆಟ್ಟಿಂಗ್ ಕಂಪನಿಯ ಹೆಸರಿಲ್ಲದ ಫುಟ್‌ಬಾಲ್ ಜೆರ್ಸಿಯನ್ನು ಮಕ್ಕಳಿಗೆ ಕೊಡಿಸಬೇಕೆಂದರೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಜಾಹೀರಾತೇ ಬೇಡ ಎಂಬ ಹಟವೇನಿಲ್ಲ. ಮೈದಾನದ ಸುತ್ತ ಸ್ಥಳೀಯ ವ್ಯಾಪಾರಿಗಳ ಫಲಕಗಳಿವೆ. ಗೆರೆ ಎಳೆದಿರುವುದು ಜೆರ್ಸಿಗೆ.

ಸೀಸನ್ ಟಿಕೆಟ್ಟಿನಲ್ಲಿ ಕ್ಲಬ್ಬು 2009ರ ಸುಮಾರಿಗೆ ತಂದ ಪದ್ಧತಿ ಗಟ್ಟಿ ಧೈರ್ಯದ್ದು: ಕನಿಷ್ಠ ಮೊತ್ತವೊಂದನ್ನು ಗೊತ್ತುಮಾಡಿ, ಅದರ ಮೇಲೆ ನಿಮ್ಮ ಕೈಲಾದಷ್ಟು ಕೊಡಿ ಎಂದಿತು. ಕೆಲಸ ಕಳೆದುಕೊಂಡವರು ಕನಿಷ್ಠ ಕೊಟ್ಟರು, ಅನುಕೂಲಸ್ಥರು ಹೆಚ್ಚು ಕೊಟ್ಟರು. ಈ ಋತುವಿನ ದರ ಎಷ್ಟೆಂಬುದನ್ನು ಕ್ಲಬ್ಬಿನ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ, ವರ್ಷವರ್ಷ ಬದಲಾಗುತ್ತದೆ. ಅತ್ತ ಓಲ್ಡ್ ಟ್ರಾಫರ್ಡ್‌ನಲ್ಲಿ, ಜಿಮ್ ರ‍್ಯಾಟ್‌ಕ್ಲಿಫ್ ಪಾಲು ಕೊಂಡು ಆಟದ ಉಸ್ತುವಾರಿ ವಹಿಸಿಕೊಂಡ 2024ರ ಕೊನೆಯಲ್ಲಿ, ಋತುವಿನ ನಡುವೆಯೇ ಉಳಿದ ಪಂದ್ಯಗಳ ಟಿಕೆಟ್ಟನ್ನು 66 ಪೌಂಡ್ ಮಾಡಿದರು. ಮಕ್ಕಳಿಗೂ ವೃದ್ಧರಿಗೂ ರಿಯಾಯಿತಿ ಇರಲಿಲ್ಲ. ಆ ಒಂದು ಟಿಕೆಟ್ಟಿನ ದುಡ್ಡಿನಲ್ಲಿ ಮಾಸ್ಟನ್‌ನಲ್ಲಿ ಇಡೀ ಕುಟುಂಬ ಪಂದ್ಯ ನೋಡಬಹುದು. ರ‍್ಯಾಟ್‌ಕ್ಲಿಫ್ ಮ್ಯಾಂಚೆಸ್ಟರ್ ಪಕ್ಕದವರು, ಹೊರದೇಶದವರಲ್ಲ ಎಂಬುದನ್ನು ಗಮನಿಸಬೇಕು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಎಫ್‌ಸಿ ಯುನೈಟೆಡ್ ಮೊದಲು ಬಾಡಿಗೆಗೆ ಆಡುತ್ತಿದ್ದ ಗಿಗ್ ಲೇನ್ ಮೈದಾನ ಬರಿ (Bury) ಎಂಬ ಊರಿನ ಕ್ಲಬ್ಬಿನದು. ಆ ಬರಿ ಕ್ಲಬ್ಬನ್ನು 2019ರಲ್ಲಿ ಲೀಗಿನಿಂದಲೇ ಹೊರಹಾಕುವ ಸ್ಥಿತಿ ಬಂದಾಗ ಅದರ ಮಾಲೀಕರು ಇಂಗ್ಲೆಂಡಿನವರೇ. ಅದೇ ಲ್ಯಾಂಕಶೈರ್ ಸೀಮೆಯ ಬ್ಲ್ಯಾಕ್‌ಬರ್ನ್ ರೋವರ್ಸ್ ಅನ್ನು 2010ರಲ್ಲಿ ಕೊಂಡದ್ದು ನಮ್ಮ ಪುಣೆಯ ಕೋಳಿ ಕಂಪನಿ ವೆಂಕೀಸ್. ಎರಡೇ ಋತುವಿನಲ್ಲಿ ತಂಡ ಪ್ರೀಮಿಯರ್ ಲೀಗಿನಿಂದ ಜಾರಿತು, ಅಭಿಮಾನಿಗಳು ಮೈದಾನಕ್ಕೆ ಜೀವಂತ ಕೋಳಿ ಬಿಟ್ಟು ಪ್ರತಿಭಟಿಸಿದರು. ಬೆಂಗಳೂರಿನ ಫ್ರೀಜರ್‌ಗಳಲ್ಲಿ ಆ ಹೆಸರು ನೋಡುವ ನಮಗೆ ಆ ಊರಿನವರ ನೋವು ಅರ್ಥವಾಗಬೇಕು. ಮಾಲೀಕರ ಪಾಸ್‌ಪೋರ್ಟ್ ಯಾವ ದೇಶದ್ದೇ ಇರಲಿ, ಅವರನ್ನು ಕೆಳಗಿಳಿಸುವ ದಾರಿ ಅಭಿಮಾನಿಗಿಲ್ಲ ಎಂಬುದೇ ತೊಂದರೆಯ ಬೇರು. ಎಫ್‌ಸಿ ಯುನೈಟೆಡ್ ಕೈಹಾಕಿದ್ದು ಆ ಬೇರಿಗೆ.

ಇನ್ನು ಮೈದಾನ. ಬ್ರಾಡ್‌ಹರ್ಸ್ಟ್ ಪಾರ್ಕ್ ಹಿಡಿಸುವುದು ಸುಮಾರು 4,400 ಜನ. ಮೊದಲು ಗೊತ್ತುಮಾಡಿದ್ದ ಜಾಗ ನ್ಯೂಟನ್ ಹೀತ್‌ನ ಟೆನ್ ಏಕರ್ಸ್ ಲೇನ್. ನಗರಸಭೆ ಖರ್ಚು ಕಡಿತದ ಕಾಲದಲ್ಲಿ ಹಿಂದೆ ಸರಿದದ್ದರಿಂದ ಯೋಜನೆ ಮಾಸ್ಟನ್‌ಗೆ ಬಂತು, ಅಲ್ಲಿ ಕೆಲವು ನಿವಾಸಿಗಳ ವಿರೋಧವನ್ನೂ ದಾಟಬೇಕಾಯಿತು. ವಿಳಂಬವಾದಷ್ಟೂ ಖರ್ಚು ಏರಿ 6 ಮಿಲಿಯನ್ ಪೌಂಡ್ ಮೀರಿತು. 2015ರ ಮೇ 29ರಂದು ಬೆನ್ಫಿಕಾ ವಿರುದ್ಧದ ಪಂದ್ಯದೊಂದಿಗೆ ಬಾಗಿಲು ತೆರೆಯಿತು. ಮ್ಯಾಂಚೆಸ್ಟರ್ ಯುನೈಟೆಡ್ 1968ರಲ್ಲಿ ಇದೇ ಬೆನ್ಫಿಕಾವನ್ನು ಸೋಲಿಸಿ ಯೂರೋಪಿಯನ್ ಕಪ್ ಗೆದ್ದದ್ದು ಮೇ 29ರಂದೇ. ಹೊರನಡೆದವರು ಹಳೆಯ ನೆನಪನ್ನು ಬಿಟ್ಟುಕೊಟ್ಟಿರಲಿಲ್ಲ.

ಇಲ್ಲಿ ನಿಲ್ಲಬೇಕಾದ ಜಾಗ ಗೋಲಿನ ಹಿಂದಿನ ಸೇಂಟ್ ಮೇರೀಸ್ ರೋಡ್ ತುದಿ. ಇಂಗ್ಲೆಂಡಿನ ಮೇಲಿನ ಎರಡು ಹಂತಗಳಲ್ಲಿ, ವಿಶೇಷ ಪರವಾನಗಿಯ ಭಾಗಗಳನ್ನು ಬಿಟ್ಟರೆ, ಕೂತೇ ನೋಡಬೇಕು. ಇಲ್ಲಿ ಕಾಂಕ್ರೀಟ್ ಮೆಟ್ಟಿಲ ಮೇಲೆ ಕಬ್ಬಿಣದ ತಡೆಗಂಬಿಗೆ ಒರಗಿ ನಿಂತು ಹಾಡಬಹುದು. ಛಾವಣಿ ತಗ್ಗಿನಲ್ಲಿರುವುದರಿಂದ ಐನೂರು ಜನ ಹಾಡಿದರೂ ಸದ್ದು ಒಳಗೇ ಸುತ್ತಿ ದುಪ್ಪಟ್ಟಾಗುತ್ತದೆ. ಮೈದಾನ ಕಾಣುವ ಜಾಗದಲ್ಲಿ ಬಿಯರ್ ಹಿಡಿದು ನಿಲ್ಲುವುದು ದೊಡ್ಡ ಲೀಗುಗಳಲ್ಲಿ ಕಾನೂನುಬಾಹಿರ, ಈ ಹಂತಕ್ಕೆ ಆ ಕಾನೂನು ಅನ್ವಯಿಸದು. ಪಂದ್ಯಕ್ಕೆ ಮುಂಚೆ ಮುಖ್ಯ ಸ್ಟ್ಯಾಂಡಿನ ಕೆಳಗೆ ಸ್ಥಳೀಯ ಬ್ಯಾಂಡುಗಳ, ಕವಿಗಳ ಕಾರ್ಯಕ್ರಮ ನಡೆಸುವ ಸಂಪ್ರದಾಯವೂ ಇದೆ. ಅದಿರುವ ದಿನ ಗಂಟೆ ಮುಂಚೆಯೇ ಹೋಗಿ. ಚಿಕ್ಕ ಮಕ್ಕಳಿದ್ದರೆ, ಮಂಡಿನೋವಿದ್ದರೆ ಮುಖ್ಯ ಸ್ಟ್ಯಾಂಡಿನ ಕುರ್ಚಿಯೇ ವಾಸಿ.

ಕೊರತೆಗಳನ್ನು ಮುಚ್ಚಿಡುವಂತಿಲ್ಲ. ಮೊದಲ ಮೂರು ಋತುವಿನಲ್ಲಿ ಮೂರು ಬಡ್ತಿ, 2010ರ ಎಫ್‌ಎ ಕಪ್‌ನಲ್ಲಿ ರಾಚ್‌ಡೇಲ್ ತಂಡವನ್ನು 3-2ರಿಂದ ಮಣಿಸಿದ್ದು, 2015ರಲ್ಲಿ ಆರನೇ ಹಂತಕ್ಕೇರಿದ್ದು, ಇಷ್ಟು ಏರುಮುಖ. 2019ರಲ್ಲಿ ತಂಡ ಮತ್ತೆ ಏಳನೇ ಹಂತಕ್ಕೆ ಇಳಿಯಿತು. ಆಟ ದೈಹಿಕ, ಉದ್ದುದ್ದ ಪಾಸುಗಳದ್ದು. ಪ್ರೀಮಿಯರ್ ಲೀಗಿನ ನಯ ಹುಡುಕಿ ಹೋದರೆ ನಿರಾಸೆ ಖಚಿತ. ಮೊದಲ ಋತುವಿನಲ್ಲಿ ಸರಾಸರಿ 3,000 ದಾಟಿದ್ದ ಜನ ಈಗ ಅಷ್ಟಿಲ್ಲ. ಸಿಟ್ಟಿನ ಮೇಲೆ ಬಂದವರಲ್ಲಿ ಕೆಲವರು ಸಿಟ್ಟು ಆರಿದ ಮೇಲೆ ಬರುವುದು ಬಿಟ್ಟರು.

ವೋಟಿಗೂ ಬೆಲೆ ತೆರಬೇಕು. 2016ರಲ್ಲಿ ಪಾರದರ್ಶಕತೆಯ ಪ್ರಶ್ನೆಯ ಮೇಲೆ ಸದಸ್ಯರಿಗೂ ಆಡಳಿತ ಮಂಡಳಿಗೂ ದೊಡ್ಡ ಜಗಳವಾಗಿ ರಾಜೀನಾಮೆಗಳ ಸಾಲೇ ಬಂತು. ನೋವಿನ ವರ್ಷ ಅದು. ಆದರೆ ಜಗಳದ ಕೊನೆಗೆ ಮಂಡಳಿ ಬದಲಾಯಿತು; ಓಲ್ಡ್ ಟ್ರಾಫರ್ಡ್‌ನಲ್ಲಿ 2021ರ ಮೇ 2ರಂದು ಅಭಿಮಾನಿಗಳು ಮೈದಾನಕ್ಕೇ ನುಗ್ಗಿ ಲಿವರ್‌ಪೂಲ್ ಪಂದ್ಯ ಮುಂದೂಡುವಂತೆ ಮಾಡಿದರೂ ಮಾಲೀಕರು ಕದಲಲಿಲ್ಲ. ತತ್ವಗಳೂ ಕೆಲವೊಮ್ಮೆ ಬಾಗುತ್ತವೆ. 2007ರ ಡಿಸೆಂಬರ್‌ನಲ್ಲಿ ಕರ್ಜನ್ ಆಷ್ಟನ್ ವಿರುದ್ಧದ ಪಂದ್ಯದ ಸಮಯವನ್ನು ಪ್ರಸಾರಕ್ಕಾಗಿ ಬದಲಿಸಿದಾಗ ಅಭಿಮಾನಿಗಳು ಪಂದ್ಯವನ್ನೇ ಬಹಿಷ್ಕರಿಸಿದ್ದರು. ರಾಚ್‌ಡೇಲ್ ಪಂದ್ಯ ಟಿವಿಗಾಗಿ ಶುಕ್ರವಾರ ರಾತ್ರಿಗೆ ಹೋದಾಗ ಆಡಿದರು. ಸ್ವಂತ ಮೈದಾನದ ನಿರ್ವಹಣೆ, ಸಾಲದ ಕಂತು ಪ್ರತಿ ವರ್ಷವೂ ಬಿಗಿಯೇ. ಗೇಟು ಕಾಯುವುದರಿಂದ ಹಿಡಿದು ಅನೇಕ ಕೆಲಸ ಸ್ವಯಂಸೇವಕರದ್ದು, ಹೀಗಾಗಿ ಸಾಲು ಕೆಲವೊಮ್ಮೆ ನಿಧಾನ.

ಹೋಗುವುದು ಹೀಗೆ: ವಿಕ್ಟೋರಿಯಾ ನಿಲ್ದಾಣದಿಂದ ಓಲ್ಡಮ್-ರಾಚ್‌ಡೇಲ್ ಕಡೆಯ ಟ್ರಾಮ್ ಹತ್ತಿ. ಮಾನ್ಸಾಲ್, ಸೆಂಟ್ರಲ್ ಪಾರ್ಕ್ ಆದಮೇಲೆ ಮೂರನೆಯದು ನ್ಯೂಟನ್ ಹೀತ್ ಅಂಡ್ ಮಾಸ್ಟನ್. ಅಲ್ಲಿಂದ ಲೈಟ್‌ಬೌನ್ ರೋಡ್‌ವರೆಗೆ ಒಂದು ಮೈಲಿ ಆಸುಪಾಸು ನಡಿಗೆ. ಬರಿ ಕಡೆಯ ಟ್ರಾಮೂ ವಿಕ್ಟೋರಿಯಾದಿಂದಲೇ ಹೊರಡುತ್ತದೆ, ಫಲಕ ನೋಡಿ ಹತ್ತಿ. ಮಾಸ್ಟನ್ ರೈಲು ನಿಲ್ದಾಣವೂ ಹತ್ತಿರದಲ್ಲಿದೆ, ಆದರೆ ಅಲ್ಲಿ ನಿಲ್ಲುವ ರೈಲು ಟ್ರಾಮಿನಷ್ಟು ಪದೇ ಪದೇ ಬರುವುದಿಲ್ಲ. ಪಂದ್ಯಗಳು ಹೆಚ್ಚಾಗಿ ಶನಿವಾರ ಮಧ್ಯಾಹ್ನ 3ಕ್ಕೆ. ಸಸ್ಯಾಹಾರಿಗಳು ಊರೊಳಗೇ ಊಟ ಮುಗಿಸಿಕೊಂಡು ಹೊರಡುವುದು ಒಳ್ಳೆಯದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗುವವರು ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ, ಕಾಂಕ್ರೀಟಿನ ಚಳಿ ಪಾದದಿಂದಲೇ ಏರುತ್ತದೆ. ಈ ಹಂತದ ಪಂದ್ಯಗಳು ಮಳೆಗೆ, ಹಿಮಕ್ಕೆ ಅದೇ ದಿನ ಬೆಳಿಗ್ಗೆ ರದ್ದಾಗುವುದು ಮಾಮೂಲು. ಅಂಪೈರ್ ಪಿಚ್ ನೋಡಿದ ಹಾಗೆ ಇಲ್ಲಿ ರೆಫರಿ ಮೈದಾನ ಪರೀಕ್ಷಿಸಿ ತೀರ್ಮಾನಿಸುತ್ತಾರೆ, ಆದ್ದರಿಂದ ಟ್ರಾಮ್ ಹತ್ತುವ ಮುಂಚೆ ಕ್ಲಬ್ಬಿನ ಪ್ರಕಟಣೆ ನೋಡಿಕೊಂಡೇ ಹೊರಡಿ.