ಸಬ್ಮಿಟ್ ಬೂದಾದಾಗ: ನಾನು ಹಿಡಿದು ನೋಡಿದ ಮೂರು ದಾರಿ

ಇನ್ಫೋಪಾತ್ ಅಂದರೆ ಫಾರಂ ತಯಾರಿಸುವ ಮೈಕ್ರೋಸಾಫ್ಟ್ ತಂತ್ರಾಂಶ, ಹಳೆಯ ಸರಕು. 2013ರ ಆವೃತ್ತಿಯೇ ಕೊನೆಯದು. ಆದರೂ ಅದರಲ್ಲಿ ಮಾಡಿದ ಫಾರಂಗಳು ಇನ್ನೂ ಓಡುತ್ತಿವೆ. ಅಂಥದ್ದೊಂದು ನನ್ನ ಕೊರಳಿಗೆ ಬಿತ್ತು. ಆಕ್ಸೆಸ್ ಡೇಟಾಬೇಸ್ ಮೇಲೆ ಕಟ್ಟಿದ ಫಾರಂ ಅದು. ಟೇಬಲ್‌ಗೆ ‘ಷರಾ’ ಅಂತ ಹೊಸ ಕಾಲಂ ಬಂದಿತ್ತು. ಅದನ್ನು ಫಾರಂಗೂ ತಂದೆ. ತಂದ ಕೂಡಲೇ, ತುಂಬಿದ್ದನ್ನು ಡೇಟಾಬೇಸ್‌ಗೆ ಕಳಿಸುವ ಸಬ್ಮಿಟ್ ಬೂದು ಬಣ್ಣಕ್ಕೆ ತಿರುಗಿತು. ಫೀಲ್ಡ್‌ನ ಡೇಟಾ ಟೈಪ್ ಬದಲಿಸೋಣ ಅಂದರೆ ಅದೂ ಬೂದು. ಎಷ್ಟು ಒತ್ತಿದರೂ ಮಿಸುಕಲ್ಲ.

ಮೊದಲು ಸುಮ್ನೆ ಅನುಮತಿಯ ತೊಂದರೆ ಅಂದುಕೊಂಡು ಅರ್ಧ ದಿನ ಹಾಳು ಮಾಡಿದೆ. ಉತ್ತರ ಕಣ್ಣೆದುರೇ ಇತ್ತು. ಫೀಲ್ಡ್ ಹೆಸರಿನ ಪಕ್ಕದಲ್ಲಿ ಚಿಕ್ಕ ಬೀಗದ ಗುರುತು. ಅಂದರೆ ಆ ಫೀಲ್ಡ್ ಫಾರಂನದ್ದಲ್ಲ, ಟೇಬಲ್‌ನದ್ದು. ಟೈಪ್ ಬದಲಾಗಬೇಕಾದರೆ ಟೇಬಲ್‌ನಲ್ಲೇ ಬದಲಾಗಬೇಕು.

ಸಬ್ಮಿಟ್‌ಗೆ ಬೇರೆಯೇ ಕಾರಣ. ‘ಷರಾ’ ಮೆಮೊ ಟೈಪಿನ ಕಾಲಂ, ಅಂದರೆ ಉದ್ದ ಬರಹ ಹಿಡಿಸುವಂಥದ್ದು. ಮೆಮೊ, ಚಿತ್ರ, ಅಟ್ಯಾಚ್‌ಮೆಂಟ್ ಇಂಥದ್ದೊಂದು ಕಾಲಂ ಕನೆಕ್ಷನ್‌ನಲ್ಲಿ (ಫಾರಂಗೂ ಡೇಟಾಬೇಸ್‌ಗೂ ಇರುವ ಕೊಂಡಿಯಲ್ಲಿ) ಇದ್ದರೆ ಸಾಕು, ಇನ್ಫೋಪಾತ್ ಇಡೀ ಸಬ್ಮಿಟ್ಟನ್ನೇ ನಿಲ್ಲಿಸಿಬಿಡುತ್ತದೆ. ಒಂದು ಕಾಲಂ ತಪ್ಪಿಗೆ ಊರಿಗೆಲ್ಲ ದಂಡ!

ಮೊದಲ ದಾರಿ, ಆ ಕಾಲಂ ಕಿತ್ತುಹಾಕುವುದು. ಡೇಟಾ ಕನೆಕ್ಷನ್ಸ್‌ನಲ್ಲಿ ಮುಖ್ಯ ಕನೆಕ್ಷನ್ ತೆರೆದು, ಮಾಡಿಫೈ ಒತ್ತಿ, ‘ಷರಾ’ ಮುಂದಿನ ಟಿಕ್ ತೆಗೆದೆ. ವಿಝರ್ಡ್‌ನ ಕೊನೆಯ ಪುಟದಲ್ಲಿ ಸಬ್ಮಿಟ್ ಆನ್ ಮಾಡುವ ಚೌಕ ಜೀವ ಬಂದು ಕೂತಿತ್ತು. ಹತ್ತು ನಿಮಿಷದ ಕೆಲಸ. ಆದರೆ ಷರಾ ಬೇಕಲ್ವಾ? ಅದಕ್ಕೆ ಟೇಬಲ್‌ನಲ್ಲಿ ಸಾದಾ ಟೆಕ್ಸ್ಟ್ ಕಾಲಂ ಮಾಡಿ ಸೇರಿಸಿದೆ. ಅದರ ಮಿತಿ 255 ಅಕ್ಷರ. ಉದ್ದುದ್ದ ಬರೆಯುವವರು ಗೊಣಗಿದರು. ಇನ್ನೊಂದು ಮಾತು, ಕಿತ್ತ ಫೀಲ್ಡ್‌ಗೆ ಕಟ್ಟಿದ್ದ ಕಂಟ್ರೋಲ್, ಅಂದರೆ ತುಂಬುವ ಚೌಕ, ಫಾರಂನ ಪರದೆಯಲ್ಲಿ ಅನಾಥವಾಗಿ ಉಳಿಯುತ್ತದೆ. ಅದನ್ನು ನಾವೇ ಅಳಿಸಬೇಕು.

ಎರಡನೆಯದು, ಖಾಲಿ ಫಾರಂನಿಂದ ಶುರು ಮಾಡಿ ಟೇಬಲ್ಲನ್ನು ಎರಡನೇ ಕನೆಕ್ಷನ್ ಆಗಿ ಜೋಡಿಸುವುದು. ಇಲ್ಲಿ ಫೀಲ್ಡ್‌ಗಳೆಲ್ಲ ನಮ್ಮವೇ. ಡೇಟಾ ಟೈಪ್, ಡೀಫಾಲ್ಟ್ ಮೌಲ್ಯ, ಖಾಲಿ ಬಿಡಬಾರದು ಅನ್ನುವ ಗುರುತು, ಎಲ್ಲವೂ ಕೈಗೆ ಸಿಗುತ್ತವೆ. ಡಿಸೈನ್ ಮಾಡುವಾಗ ಇದರಷ್ಟು ಸುಖ ಇನ್ನೊಂದಿಲ್ಲ. ಎಡವಟ್ಟು ಇರುವುದು ಕೊನೆಯಲ್ಲಿ. ಡೇಟಾಬೇಸ್‌ಗೆ ಹಾಕಿದ ಎರಡನೇ ಕನೆಕ್ಷನ್ ಓದುತ್ತದೆ ಅಷ್ಟೆ, ಬರೆಯುವುದಿಲ್ಲ. ಬರೆಸಬೇಕಾದರೆ ನಡುವೆ ಒಂದು ವೆಬ್ ಸರ್ವಿಸ್, ಅಂದರೆ ಫಾರಂನಿಂದ ಪಡೆದು ಡೇಟಾಬೇಸ್‌ಗೆ ಬರೆಯುವ ಪ್ರೋಗ್ರಾಂ, ಬೇಕು. ಅದನ್ನು ಬರೆಯುವವರು ಬೇಕು, ಆಮೇಲೆ ನೋಡಿಕೊಳ್ಳುವವರೂ ಬೇಕು. ನನ್ನ ಜತೆ ಅಂಥವರು ಯಾರೂ ಇರಲಿಲ್ಲ.

ಮೂರನೆಯದು ನನ್ನ ಹುಚ್ಚಾಟ. ಇನ್ಫೋಪಾತ್ ಫಾರಂ ಉಳಿಯುವ ಎಕ್ಸ್‌ಎಸ್‌ಎನ್ ಫೈಲ್ ಒಳಗಡೆ ಒಂದು ಕ್ಯಾಬ್ ಫೈಲ್, ಅಂದರೆ ಹಲವು ಫೈಲ್‌ಗಳನ್ನು ಒತ್ತಿ ಕಟ್ಟಿದ ಗಂಟು, ಅಷ್ಟೆ. ಸೋರ್ಸ್ ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ತೆಗೆದು, ಸ್ಕೀಮಾವನ್ನು (ಫೀಲ್ಡ್‌ಗಳ ಟೈಪ್ ಬರೆದಿರುವ ಫೈಲನ್ನು) ನೋಟ್‌ಪ್ಯಾಡ್‌ನಲ್ಲಿ ತೆರೆದು ಟೈಪ್ ತಿದ್ದಿದೆ. ಫಾರಂ ತೆರೆಯಿತು, ಟೈಪ್ ಬದಲಾಗಿತ್ತು, ಮೀಸೆ ತಿರುವಿಕೊಂಡೆ. ಆದರೆ ಸಬ್ಮಿಟ್ ಬೂದಾಗಿಯೇ ಇತ್ತು. ಟೇಬಲ್ ಮಾತ್ರ ಇದ್ದ ಹಾಗೇ ಇದೆಯಲ್ಲ! ಮುಂದಿನ ಸಲ ಕನೆಕ್ಷನ್ ಮಾಡಿಫೈ ಮಾಡಿದಾಗ ನನ್ನ ತಿದ್ದುಪಡಿಯೂ ಹೋಯಿತು. ಮೂಲ ಫೈಲಿನ ಪ್ರತಿ ಇಟ್ಟಿದ್ದೆ, ಅದೊಂದೇ ಪುಣ್ಯ.

ಹಾಗಾಗಿ ನನ್ನ ಓಟು ಮೊದಲನೆಯದಕ್ಕೆ, ಫಾರಂ ತುಂಬುವವರೆಲ್ಲರ ಕಂಪ್ಯೂಟರ್‌ನಲ್ಲೂ ಇನ್ಫೋಪಾತ್ ಇದ್ದರೆ ಮಾತ್ರ. ಬ್ರೌಸರ್‌ನಲ್ಲಿ ತುಂಬುವ ಫಾರಂ ಆದರೆ ನೇರವಾಗಿ ಡೇಟಾಬೇಸ್‌ಗೆ ಸಬ್ಮಿಟ್ ಮಾಡಲು ಬರುವುದೇ ಇಲ್ಲ. ಆಗ ಎಷ್ಟು ಕಾಲಂ ಕಿತ್ತರೂ ಆ ಚೌಕ ಬೂದಾಗಿಯೇ ಇರುತ್ತದೆ. ಎರಡನೇ ದಾರಿಗೇ ಹೋಗಿ, ವೆಬ್ ಸರ್ವಿಸ್ ಬರೆಯುವವರನ್ನು ಮೊದಲು ಹಿಡಿಯಿರಿ.